‘ಕರ್ವಾಲೊ’ ಕಾದಂಬರಿಯಲ್ಲಿ ಪ್ರಾಣಿವೀಕ್ಷಣೆ

ನಮ್ಮ ಪ್ರಾಚೀನ ಕಾವ್ಯಗಳ ವನವರ್ಣನೆಯಲ್ಲಿ ಹಕ್ಕಿಗಳಿಗೆ ಕೊರತೆಯಿಲ್ಲ. ಅಲ್ಲಿ ಚಕೋರವು ಬೆಳದಿಂಗಳನ್ನುಂಡು ಬಾಳುವುದು. ಹಂಸವು ನೀರನ್ನುಳಿದು ಹಾಲನ್ನು ಹೀರುವುದು. ಇವು ಕವಿಸಮಯಗಳು, ಇವುಗಳಲ್ಲಿ ಪ್ರಾಣಿಶಾಸ್ತ್ರದ ಸತ್ಯವನ್ನು ಅರಸುವುದು ಉಚಿತವಲ್ಲ. ಆದರೆ ಕಂಡುದನ್ನು ಕಂಡಂತೆ ಹೇಳಹೊರಟ ಕೃತಿಯ ಹೊಣೆ ಬೇರೆ. ಅಲ್ಲಿ ಕಂಡ ವಸ್ತುವಷ್ಟೇ ಅಲ್ಲದೆ, ಕಂಡ ಬಗೆಯೂ ನಿಜವಾಗಿರಬೇಕು. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಸಹ್ಯಾದ್ರಿಯ ದಟ್ಟಡವಿಯಲ್ಲಿ ಕಣ್ಣಿಗಿಂತ ಮೊದಲು ಎಚ್ಚರಗೊಳ್ಳುವುದು ಕಿವಿ. ಕೆಂದಳಿಲು ಮರದ ನೆತ್ತಿಯಲ್ಲಿ ಕೂಗಿ ಎಲೆಗಳ ಮರೆಗೆ ಸರಿಯುವುದು. ಹಾರುಬೆಕ್ಕು ಇರುಳಿನಲ್ಲಿ ಮಾತ್ರವೇ ಮರದಿಂದ ಮರಕ್ಕೆ ತೇಲುವುದು. ಕಿವಿಯನ್ನಾದರೂ ನಂಬೋಣವೆಂದರೆ, ಕಾಜಾಣವು ಇತರ ಹಕ್ಕಿಗಳ ದನಿಯನ್ನು ಅನುಕರಿಸಿ ಕೇಳುವವನನ್ನು ವಂಚಿಸುವುದು. ಇಂತಹ ಎಡೆಯಲ್ಲಿ ಎಲ್ಲವನ್ನೂ ನಿಚ್ಚಳವಾಗಿ ಕಂಡೆನೆನ್ನುವ ಬರಹವು ಸಂಶಯಕ್ಕೆ ಪಾತ್ರವಾಗುವುದು ಸಹಜ.

‘ಕರ್ವಾಲೊ’ ಈ ದೋಷದಿಂದ ಮುಕ್ತವಾಗಿದೆ. ಒಂದು ಹಾರುವ ಓತಿಗಾಗಿ ಅಲ್ಲಿನವರು ಕಾಡನ್ನು ಹೊಕ್ಕು ಅಲೆಯುವರು; ಕೊನೆಗೆ ಅದು ಕಣ್ಣಿಗೆ ಬಿದ್ದರೂ ಕೈಗೆ ಸಿಕ್ಕದೆ ಕಣಿವೆಯತ್ತ ತೇಲಿ ಮರೆಯಾಗುವುದು. ಅಲೆದಾಟ ದೀರ್ಘ, ದರ್ಶನ ಕ್ಷಣಿಕ. ಈ ಪ್ರಮಾಣವೇ ಕಾಡಿನ ವೀಕ್ಷಣೆಯ ನಿಜವಾದ ಪ್ರಮಾಣ. ಈ ಜೀವಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಹಳ್ಳಿಯ ಮಂದಣ್ಣನೆಂಬುದೂ ಗಮನಾರ್ಹ.

ಇಲ್ಲೊಂದು ಆಕ್ಷೇಪಕ್ಕೆ ಅವಕಾಶವುಂಟು. ಕಾದಂಬರಿಯು ಹಾರುವ ಓತಿಯನ್ನು ಅತ್ಯಪೂರ್ವವಾದ ಜೀವಿಯೆಂಬಂತೆ ಚಿತ್ರಿಸುವುದು. ವಾಸ್ತವದಲ್ಲಿ ಅದು ಘಟ್ಟದ ಅಡಕೆ ತೋಟಗಳಲ್ಲಿಯೂ ವಾಸಿಸುತ್ತದೆ. ನೀಳವಾದ ಪಕ್ಕೆಲುಬುಗಳ ಆಧಾರದಿಂದ ಹರಡುವ ಪೊರೆಯನ್ನು ಮಡಿಸಿಕೊಂಡು ಕುಳಿತರೆ, ಅದಕ್ಕೂ ತೊಗಟೆಗೂ ಭೇದ ಕಾಣದು. ಎಂದ ಮೇಲೆ ವಿರಳವಾದುದು ಪ್ರಾಣಿಯಲ್ಲ, ಅದನ್ನು ಗುರುತಿಸುವ ಕಣ್ಣು. ಆಕ್ಷೇಪವು ಶಾಸ್ತ್ರದೃಷ್ಟಿಯಿಂದ ಸರಿಯಾದರೂ, ಅದರಿಂದ ಕೃತಿಯ ಮೂಲಾಶಯವು ಕುಂದದೆ ಮತ್ತಷ್ಟು ಪುಷ್ಟಿಗೊಳ್ಳುವುದು.

ಕೃತಿಯ ದುರ್ಬಲ ಭಾಗಗಳೆಂದರೆ, ಜೀವವಿಕಾಸ, ಕಾಲ ಮೊದಲಾದ ತತ್ತ್ವಗಳ ಭಾರವನ್ನು ಆ ಚಿಕ್ಕ ಪ್ರಾಣಿಯ ಬೆನ್ನ ಮೇಲೆ ಹೊರಿಸುವ ಸಂಭಾಷಣೆಗಳು. ಓದುಗನ ನೆನಪಿನಲ್ಲಿ ನಿಲ್ಲುವುದು ಆ ಮಾತುಗಳಲ್ಲ. ಬರಿಗೈಯಲ್ಲಿ ಕಣಿವೆಯನ್ನು ನೋಡುತ್ತ ನಿಂತವರ ಮೌನ. ಈ ಕಾದಂಬರಿಯನ್ನು ಬೋಧಿಸುವ ಅಧ್ಯಾಪಕರು ಓತಿಯು ಯಾವುದರ ಸಂಕೇತವೆಂದು ಕೇಳುವ ಮೊದಲು, ಅದನ್ನು ಕಾಣಲು ಎಷ್ಟು ಕಾಯಬೇಕಾಯಿತೆಂದು ಕೇಳುವುದು ಲೇಸು.