ಕಾಸ್ ಕಾಬ್‌ನ ಕೆಲಸ

1902ರಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದೊಳಗೆ ಹೊಗೆ ತುಂಬಿ, ಸಿಗ್ನಲ್ ಕಾಣದೆ ಎರಡು ರೈಲುಗಳು ಡಿಕ್ಕಿ ಹೊಡೆದವು. ಆಮೇಲೆ ಆ ಭಾಗದಲ್ಲಿ ಉಗಿಬಂಡಿಗಳನ್ನು ಕಾನೂನೇ ನಿಷೇಧಿಸಿತು. ನ್ಯೂ ಹೇವನ್ ರೈಲ್ವೆ ಮಾತ್ರ ನಗರದ ಗಡಿಗೇ ನಿಲ್ಲದೆ, ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ವರೆಗೂ ವಿದ್ಯುತ್ ರೈಲು ಓಡಿಸಲು ಹೊರಟಿತು. ಅದಕ್ಕೆಂದೇ 1907ರಲ್ಲಿ ಅದೇ ರಾಜ್ಯದ ಮಿಯಾನಸ್ ನದಿಯ ದಡದಲ್ಲಿ ಕಾಸ್ ಕಾಬ್ ವಿದ್ಯುದಾಗಾರ ಎದ್ದಿತು.

ನನ್ನನ್ನು ಬೆರಗುಗೊಳಿಸುವುದು ಅದರ ಸರಳತೆ. ಜನರೇಟರಿನಲ್ಲಿ ಹುಟ್ಟಿದ 11,000 ವೋಲ್ಟಿನ ಎ.ಸಿ. ವಿದ್ಯುತ್, ದಾರಿಯಲ್ಲಿ ಸಬ್‌ಸ್ಟೇಷನ್ನುಗಳಿಲ್ಲದೆ ಹಳಿಯ ಮೇಲಿನ ತಂತಿಗೇ ಹೋಗುತ್ತಿತ್ತು. ಆವರ್ತನ ಬರೀ 25 ಹರ್ಟ್ಸ್. ಹೆಚ್ಚಿಸಿದರೆ ಆಗಿನ ಮೋಟಾರುಗಳ ಕಮ್ಯುಟೇಟರಿನಲ್ಲಿ ಕಿಡಿ ಹಾರಿ ಬ್ರಷ್ಷುಗಳು ಸುಡುತ್ತಿದ್ದವು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಸಮೀಪಿಸಿದಾಗ ಅದೇ ಎಂಜಿನ್ನು ಮೇಲಿನ ತಂತಿ ಬಿಟ್ಟು, ಮೂರನೇ ಹಳಿಯಿಂದ ಡಿ.ಸಿ. ಹೀರುತ್ತಿತ್ತು. ಒಂದೇ ಮೋಟಾರು ಎರಡಕ್ಕೂ ಒಗ್ಗುವಂತೆ ಮಾಡಿದ ವೆಸ್ಟಿಂಗ್‌ಹೌಸ್ ಎಂಜಿನಿಯರುಗಳ ಕೈಚಳಕ ದೊಡ್ಡದು.

ಕಲ್ಲಿದ್ದಲಿನ ಮಸಿ ನೆರೆಹೊರೆಯವರನ್ನು ಕಾಡಿದ್ದೂ ನಿಜ. 1980ರ ದಶಕದಲ್ಲಿ ವಿದ್ಯುದಾಗಾರದ ಕೆಲಸ ನಿಂತಿತು. ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿದ್ದರೂ 2001ರಲ್ಲಿ ಕಟ್ಟಡವನ್ನು ಕೆಡವಿದರು. ಈಗ ಅಲ್ಲಿ ಉದ್ಯಾನವಿದೆ. ಪಟ್ಟಿಗೆ ಸೇರಿದ್ದೂ ಉಳಿಯಲಿಲ್ಲವೆಂಬುದು ನನಗೆ ಇಂದಿಗೂ ನೋವು.

ವಿದ್ಯೆ ಮಾತ್ರ ಅಳಿಯಲಿಲ್ಲ. 1914ರ ವಿಸ್ತರಣೆಯಲ್ಲಿ ಈ ಮಾರ್ಗಕ್ಕೆ ಬಂದ ಆಟೊಟ್ರಾನ್ಸ್‌ಫಾರ್ಮರ್ ಪದ್ಧತಿಯ ತತ್ತ್ವವೇ ಇಂದು ಭಾರತೀಯ ರೈಲ್ವೆಯ 2×25 ಕಿಲೋವೋಲ್ಟ್ ಮಾರ್ಗಗಳಲ್ಲಿ ಭಾರಿ ಗೂಡ್ಸ್ ರೈಲುಗಳನ್ನು ಎಳೆಸುತ್ತಿದೆ.