ಏಳು ವಿಭಕ್ತಿಗಳ ಪಟ್ಟಿಯೂ ರಾಯಚೂರಿನ ಮಾತೂ

ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಕನ್ನಡ ಶಾಲೆಯ ವಿಭಕ್ತಿ ಪಾಠ ಇಂದಿಗೂ ಈ ಪಟ್ಟಿಯನ್ನೇ ನೆಚ್ಚಿಕೊಂಡಿದೆ. ನೆನಪಿಡಲು ಅದು ಅನುಕೂಲವೇ. ಆದರೆ ರಾಯಚೂರು, ಮಾನ್ವಿ, ದೇವದುರ್ಗದ ಮಗುವಿಗೆ ತನ್ನದೇ ಮಾತಿನ ಕಟ್ಟನ್ನು ಅದು ಕಾಣಿಸುವುದಿಲ್ಲ.

ಪಟ್ಟಿಯ ಐದನೆಯದಾದ ಪಂಚಮಿಯನ್ನು ನೋಡಿ. 'ಕೊಡಲಿಯಿಂದ ಕಡಿದ', 'ಮರದಿಂದ ಬಿದ್ದ' ಎರಡರಲ್ಲೂ ಇರುವುದು 'ಇಂದ'. 'ಮರದ ದೆಸೆಯಿಂದ ಬಿದ್ದ' ಎಂದು ಯಾರೂ ಆಡುವುದಿಲ್ಲ. ಸಂಸ್ಕೃತದ ಏಳು ಮನೆ ತುಂಬಬೇಕೆಂದೇ ಆ ರೂಪ ಉಳಿದಿದೆ. ಹದಿಮೂರನೆಯ ಶತಮಾನದ ಕೇಶಿರಾಜನೂ ತನ್ನ ವ್ಯಾಕರಣ 'ಶಬ್ದಮಣಿದರ್ಪಣ'ದಲ್ಲಿ ಏಳನ್ನು ಒಪ್ಪಿದ. ಆದರೆ ಪಂಚಮಿಗೆ ಹಳಗನ್ನಡದ್ದೇ ಆದ 'ಅತ್ತಣಿಂ' ಅವನ ಕೈಯಲ್ಲಿತ್ತು. ಲ್ಯಾಟಿನ್ನಿನಲ್ಲೂ ಕರಣ (ಸಾಧನ), ಅಪಾದಾನ (ಅಗಲಿಕೆ) ಎರಡೂ ಒಂದೇ ವಿಭಕ್ತಿಯಲ್ಲಿ ಬೆರೆತಿವೆ. ಅಲ್ಲಿಯ ವ್ಯಾಕರಣ ಅದನ್ನು ಒಂದೆಂದೇ ಎಣಿಸಿತು.

ಚತುರ್ಥಿಯ ತೊಡಕು ಇನ್ನೂ ಆಳದ್ದು. ಪಟ್ಟಿ ಅದಕ್ಕೆ 'ಸಂಪ್ರದಾನ' ಎನ್ನುತ್ತದೆ, ಎಂದರೆ ಕೊಡುವಿಕೆ. 'ನನಗ ಜ್ವರ ಬಂದಾವ್ರಿ' ಎಂದಾಗ ಯಾರು ಯಾರಿಗೆ ಏನು ಕೊಟ್ಟರು? ಹಸಿವು, ನಿದ್ದೆ, ಸಿಟ್ಟು, ನೆನಪು ಎಲ್ಲವನ್ನೂ ಅನುಭವಿಸುವವನಿಗೆ ಕನ್ನಡ ಈ 'ಗೆ'ಯನ್ನೇ ಹಚ್ಚುತ್ತದೆ. ಕನ್ನಡದ ಇಷ್ಟು ದೊಡ್ಡ ಗುಣಕ್ಕೆ ಪಾಠದ ಹೆಸರಿನಲ್ಲಿ ಜಾಗವಿಲ್ಲ.

ಕನ್ನಡದಲ್ಲಿ ಪ್ರತ್ಯಯ ಸೇರುವ ಬಗೆಯೂ ಬೇರೆ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನದಲ್ಲಿ ಪ್ರಾಕೃತದ 'ಅಸೋಕಸ' (ಅಶೋಕನ) ಎಂಬ ರೂಪವಿದೆ. ಅದರ 'ಸ' ಷಷ್ಠಿಯನ್ನೂ ಏಕವಚನವನ್ನೂ ಒಟ್ಟಿಗೆ ಹೇಳುತ್ತದೆ. ನಮ್ಮ 'ಊರುಗಳಿಗೆ'ಯಲ್ಲಿ ಬಹುವಚನವನ್ನೂ ವಿಭಕ್ತಿಯನ್ನೂ ಬಿಡಿಸಿ ತೋರಿಸಬಹುದು. ಲ್ಯಾಟಿನ್ನಿನ ಗುಣವಾಚಕ ನಾಮಪದದ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ 'ಬೊನುಸ್', 'ಬೊನಾ', 'ಬೊನುಮ್' ಎಂದು ರೂಪ ಬದಲಿಸುತ್ತದೆ, ಸಂಸ್ಕೃತದ್ದೂ ಹಾಗೆಯೇ. ಕನ್ನಡದಲ್ಲಿ ದೊಡ್ಡ ಊರು, ದೊಡ್ಡ ಊರಿಗೆ, ದೊಡ್ಡ ಊರುಗಳಿಂದ: 'ದೊಡ್ಡ' ಅಲುಗುವುದಿಲ್ಲ. ಈ ಹೋಲಿಕೆಯನ್ನು ತರಗತಿಯಲ್ಲಿ ಮಾಡಿದರೆ ಮೂರು ಭಾಷೆಗಳೂ ಮಗುವಿಗೆ ತಿಳಿಯಾಗುತ್ತವೆ.

'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅವರ ಎಲ್ಲ ಸಲಹೆಗಳನ್ನು ಒಪ್ಪದವರೂ ತರಗತಿಯಲ್ಲಿ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಬಹುದು. ಮಕ್ಕಳು 'ಹೊಲದಾಗ', 'ಮನ್ಯಾಗ' ಎನ್ನುತ್ತಾರೆ. ಅದನ್ನು ತಪ್ಪೆಂದು ಹೊಡೆದುಹಾಕದೆ, ಸಪ್ತಮಿಯ ಪಾಠವನ್ನು ಅಲ್ಲಿಂದಲೇ ಶುರುಮಾಡಿ, ಬರಹದ 'ಅಲ್ಲಿ'ಯನ್ನು ಅದರ ಪಕ್ಕದಲ್ಲಿಡಬೇಕು. ಪಟ್ಟಿ ಕೊನೆಗೆ ಬರಲಿ, ಮಕ್ಕಳೇ ತಮ್ಮ ವಾಕ್ಯಗಳಿಂದ ಹೆಕ್ಕಿ ಬರೆದದ್ದಾಗಿ ಬರಲಿ. ಆಗ ಅದರಲ್ಲಿ ಏಳರ ಬದಲು ಆರೇ ಸಾಲುಗಳಿದ್ದರೂ ಆ ಪಾಠ ಹೆಚ್ಚು ನಿಜವಾಗಿರುತ್ತದೆ.