ಮಿಶನರಿ ಮನೆ ಮತ್ತು ತಬ್ಬಲಿ ಮಗು: ಗುಂಡರ್ಟ್ ಕುಟುಂಬ ಕಥನದ ಒಂದು ಜಾನಪದೀಯ ಓದು

1. ಪ್ರವೇಶ

ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದ ಬಾಸೆಲ್ ಮಿಶನ್ನಿನ ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಮುಖ್ಯವಾಗಿ ಎರಡು ದಾರಿಗಳನ್ನು ಹಿಡಿದಿವೆ. ಮೊದಲನೆಯದು ಕೃತಜ್ಞತೆಯ ದಾರಿ. 1843ರ ‘ಮಂಗಳೂರು ಸಮಾಚಾರ’, ಮೋಗ್ಲಿಂಗರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’, 1894ರ ಕಿಟ್ಟೆಲ್ ನಿಘಂಟು ಇವುಗಳನ್ನು ಕೇಂದ್ರದಲ್ಲಿರಿಸಿಕೊಂಡು ಮಿಶನರಿಗಳನ್ನು ಹೊಸಗನ್ನಡದ ಉಪಕಾರಿಗಳೆಂದು ಗುರುತಿಸುವ ಕ್ರಮವಿದು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಈ ದಾರಿಯಲ್ಲಿ ದೊರೆತ ಬಹು ದೊಡ್ಡ ಫಲ. ಎರಡನೆಯದು ಸಂಶಯದ ದಾರಿ. ನಿಘಂಟು, ವ್ಯಾಕರಣ, ಶಾಲೆ, ಅನಾಥಾಲಯ ಇವೆಲ್ಲವೂ ವಸಾಹತು ಆಡಳಿತದ ಮತ್ತು ಮತಾಂತರದ ಉಪಕರಣಗಳೆಂದು ಇದು ವಾದಿಸುತ್ತದೆ. ಎರಡಕ್ಕೂ ತಕ್ಕ ಆಧಾರಗಳಿವೆ. ಆದರೆ ಎರಡೂ ಮಿಶನರಿಯನ್ನು ಒಂಟಿ ಪುರುಷನನ್ನಾಗಿಯೇ ಕಾಣುತ್ತವೆ ಎಂಬುದು ಗಮನಿಸಬೇಕಾದ ಸಂಗತಿ. ಅವನ ಹೆಂಡತಿ, ಮಕ್ಕಳು, ಆ ಮನೆಯ ಆವರಣದಲ್ಲಿ ಬೆಳೆದ ಪರರ ಮಕ್ಕಳು ಅಡಿಟಿಪ್ಪಣಿಗಳಲ್ಲಿ ಬಂದು ಹೋಗುತ್ತಾರೆ.

ಜಾನಪದದ ವಿದ್ಯಾರ್ಥಿಗೆ ಮನೆ ಎಂಬುದು ಅಡಿಟಿಪ್ಪಣಿಯ ವಿಷಯವಲ್ಲ. ಬಂಧುತ್ವ, ಹೆಸರು, ತೊಟ್ಟಿಲು, ತವರು, ಸೂತಕ ಇವು ನಮ್ಮ ಶಿಸ್ತಿನ ಮೂಲ ಪರಿಕಲ್ಪನೆಗಳು. ಈ ನೆಲೆಯಿಂದ ಒಂದು ಮಿಶನರಿ ಕುಟುಂಬದ ಕಥನವನ್ನು ಓದುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಹೆರ್ಮನ್ ಗುಂಡರ್ಟ್ (1814–1893) ಅವರ ಕುಟುಂಬವನ್ನು ಆಯ್ದುಕೊಂಡಿದ್ದೇನೆ. ಈ ಕುಟುಂಬದ ಕೆಲಸ ಹೆಚ್ಚಾಗಿ ಮಲಬಾರಿನಲ್ಲಿ ನಡೆದರೂ ಅದರ ಒಂದು ಕಾಲು ಮಂಗಳೂರಿನಲ್ಲಿತ್ತು. ಇದಲ್ಲದೆ, ಮೂರು ತಲೆಮಾರುಗಳ ದಿನಚರಿ, ಪತ್ರ ಮತ್ತು ಜೀವನಚರಿತ್ರೆಗಳು ಅಚ್ಚಾಗಿ ಉಳಿದಿರುವ ಇಂಥ ಕುಟುಂಬ ವಿರಳ.

2. ಇಲ್ಲಿಕುನ್ನಿನ ಮನೆ

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿಗೆ ಭಾರತದ ಬಾಗಿಲು ತೆರೆದದ್ದು 1833ರ ಸನದು ಶಾಸನದ ನಂತರ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಗುಂಡರ್ಟರು ಬಂದದ್ದು ಬೇರೆ ದಾರಿಯಿಂದ. 1836ರಲ್ಲಿ ಅವರು ಆಂಟನಿ ನಾರಿಸ್ ಗ್ರೋವ್ಸರ ತಂಡದೊಡನೆ ಮದರಾಸು ಪ್ರಾಂತಕ್ಕೆ ಬಂದರು. ಫ್ರೆಂಚ್ ಭಾಷೆಯಾಡುವ ಸ್ವಿಸ್ ಸೀಮೆಯ ಜೂಲಿ ಡುಬ್ವಾ (1809–1885) ಅದೇ ತಂಡದಲ್ಲಿದ್ದರು. 1838ರಲ್ಲಿ ಚಿತ್ತೂರಿನಲ್ಲಿ ಇವರಿಬ್ಬರ ವಿವಾಹವಾಯಿತು. ಅದೇ ವರ್ಷ ದಂಪತಿಗಳು ಮಂಗಳೂರಿಗೆ ಬಂದು ಬಾಸೆಲ್ ಮಿಶನ್ನನ್ನು ಸೇರಿದರು. 1839ರ ಏಪ್ರಿಲ್‌ನಲ್ಲಿ ತಲಶ್ಶೇರಿಗೆ ಹೋಗಿ, ನ್ಯಾಯಾಧೀಶ ಸ್ಟ್ರೇಂಜ್ ಅವರು ಬಿಟ್ಟುಕೊಟ್ಟ ಇಲ್ಲಿಕುನ್ನಿನ ಬಂಗಲೆಯಲ್ಲಿ ನೆಲೆಸಿದರು.

ಆ ಮನೆಯಲ್ಲಿ ಎರಡು ಕೆಲಸಗಳು ಏಕಕಾಲದಲ್ಲಿ ನಡೆದವು. ಗುಂಡರ್ಟರು ‘ಕೇರಳೋತ್ಪತ್ತಿ’ಯನ್ನು ಸಂಪಾದಿಸಿದರು (ಅದು 1843ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು); 1847ರಲ್ಲಿ ‘ರಾಜ್ಯಸಮಾಚಾರಂ’ ಪತ್ರಿಕೆಯನ್ನು ಹೊರಡಿಸಿದರು; 1850ರಲ್ಲಿ ಒಂದು ಸಾವಿರ ಮಲಯಾಳ ಗಾದೆಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. 1872ರ ಮಹಾ ನಿಘಂಟಿಗೆ ಬೇಕಾದ ಪದಸಂಪತ್ತು ಕೂಡಿದ್ದು ಈ ವರ್ಷಗಳಲ್ಲಿಯೇ. ಜೂಲಿಯವರು ಹೆಣ್ಣುಮಕ್ಕಳ ವಸತಿಶಾಲೆಯನ್ನು ನಡೆಸಿದರು. ಅಲ್ಲಿ ತಂದೆ ತಾಯಿ ಇಲ್ಲದವರೂ ಇದ್ದರು, ಇದ್ದೂ ಬಿಟ್ಟುಕೊಟ್ಟವರೂ ಇದ್ದರು. ಓದು, ಹೊಲಿಗೆ, ಪ್ರಾರ್ಥನೆ ಮತ್ತು ಮನೆಗೆಲಸ ಅಲ್ಲಿನ ದಿನಚರಿಯಾಗಿತ್ತು. ಆಲ್‌ಬ್ರೆಕ್ಟ್ ಫ್ರೆಂಜ್ ಅವರು 1983ರಲ್ಲಿ ಪ್ರಕಟಿಸಿದ ಗುಂಡರ್ಟರ ಮಲಬಾರ್ ದಿನಚರಿಯನ್ನು ನಿಘಂಟುಕಾರನ ದಾಖಲೆಯಾಗಿ ಓದುವವರು ಹೆಚ್ಚು. ಅದನ್ನು ಒಂದು ದೊಡ್ಡ ಮನೆವಾರ್ತೆಯ ದಾಖಲೆಯಾಗಿಯೂ ಓದಬೇಕಾಗಿದೆ. ಮಿಶನ್ನಿನ ವೇತನಪಟ್ಟಿಯಲ್ಲಿ ಹೆಂಡತಿಗೆ ಸ್ವತಂತ್ರ ಸ್ಥಾನವಿರಲಿಲ್ಲ. ಆದರೆ ಜೂಲಿಯವರಿಲ್ಲದೆ ಇಲ್ಲಿಕುನ್ನು ಒಂದು ಬರೆಯುವ ಮೇಜು ಮತ್ತು ಉಪದೇಶದ ಜಗಲಿ ಮಾತ್ರವಾಗಿ ಉಳಿಯುತ್ತಿತ್ತು.

3. ‘ಅನಾಥ’ ಎಂಬ ವರ್ಗದ ನಿರ್ಮಾಣ

ಮಿಶನ್ ವರದಿಗಳು ‘ಅನಾಥ’ ಎಂಬ ಪದವನ್ನು ಸ್ವಯಂಸ್ಪಷ್ಟವೆಂಬಂತೆ ಬಳಸುತ್ತವೆ. ಉತ್ತರ ಮಲಬಾರ್ ಮತ್ತು ತುಳುನಾಡಿನ ಸಮಾಜದಲ್ಲಿ ಅದು ಅಷ್ಟು ಸರಳವಾಗಿರಲಿಲ್ಲ. ಮರುಮಕ್ಕತ್ತಾಯ ಮತ್ತು ಅಳಿಯಸಂತಾನದ ಕಟ್ಟಿನಲ್ಲಿ ಮಗು ತಾಯಿಯ ಮನೆತನಕ್ಕೆ ಸೇರಿದ್ದು. ತಂದೆ ಸತ್ತರೆ ಅದು ಅನಾಥವಲ್ಲ; ತಾಯಿ ಸತ್ತರೂ ಚಿಕ್ಕಮ್ಮ ದೊಡ್ಡಮ್ಮಂದಿರು, ಸೋದರಮಾವ ಇದ್ದೇ ಇರುತ್ತಾರೆ. ತಂದೆ, ತಾಯಿ, ಮಕ್ಕಳು ಎಂಬ ವುರ್ಟೆಂಬರ್ಗಿನ ಪಯಟಿಸ್ಟ್ ಕುಟುಂಬದ ಅಳತೆಗೋಲಿನಲ್ಲಿ ಮಾತ್ರ ಅಂಥ ಮಗು ಅನಾಥವಾಗಿ ಕಾಣುತ್ತದೆ.

ಹಾಗಾದರೆ ಈ ಶಾಲೆಗಳಿಗೆ ಬಂದ ಮಕ್ಕಳು ಯಾರು? ಮೂರು ಮೂಲಗಳನ್ನು ಗುರುತಿಸಬಹುದು. ಮೊದಲನೆಯದು, ಮನೆತನದ ಆಶ್ರಯವೇ ಇಲ್ಲದ ದುಡಿಮೆಯ ಜಾತಿಗಳು. 1843ರ ಐದನೆಯ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದರೂ ಭೂಮಿಯೊಡನೆ ಕೈಬದಲಾಗುತ್ತಿದ್ದ ಜನರ ಬದುಕು ಕೂಡಲೇ ಬದಲಾಗಲಿಲ್ಲ. ಎರಡನೆಯದು ಕ್ಷಾಮ ಮತ್ತು ರೋಗ. 1876–78ರ ಮಹಾ ಕ್ಷಾಮದ ಕಾಲದಲ್ಲಿ ದಕ್ಷಿಣ ಭಾರತದ ಮಿಶನ್ ಅನಾಥಾಲಯಗಳು ತುಂಬಿ ಹೋದವು. ಮೂರನೆಯದು ಸ್ವತಃ ಮತಾಂತರ. 1850ರ ಇಪ್ಪತ್ತೊಂದನೆಯ ಕಾಯಿದೆ, ಮತ ಬದಲಿಸಿದವನ ಆಸ್ತಿಹಕ್ಕು ನಷ್ಟವಾಗದೆಂದು ಹೇಳಿತು. ಆದರೆ ಅವಿಭಾಜ್ಯವಾದ ತರವಾಡಿನಲ್ಲಿ ತನ್ನ ಪಾಲನ್ನು ಬೇರ್ಪಡಿಸಿ ಕೇಳುವ ದಾರಿಯೇ ಇರಲಿಲ್ಲವಾದ್ದರಿಂದ ಆ ಹಕ್ಕು ಬಹುಮಟ್ಟಿಗೆ ಕಾಗದದಲ್ಲಿ ಉಳಿಯಿತು. ಮನೆಯಿಂದ ಹೊರಬಿದ್ದವರ ಮಕ್ಕಳಿಗೆ ಬಂಧುಗಳಿದ್ದರು, ಬಂಧುತ್ವವಿರಲಿಲ್ಲ. ಹೀಗೆ ಅನಾಥಾಲಯವು ಅನಾಥರಿಗೆ ಆಶ್ರಯವಾದಂತೆಯೇ, ಮಿಶನ್ನಿನ ಇರವೇ ಕೆಲವರನ್ನು ಅನಾಥರನ್ನಾಗಿ ಮಾಡಿತು. ಕೃತಜ್ಞತೆಯ ಕಥನ ಮೊದಲ ಭಾಗವನ್ನು, ಸಂಶಯದ ಕಥನ ಎರಡನೆಯ ಭಾಗವನ್ನು ಮಾತ್ರ ಹೇಳುತ್ತದೆ. ಎರಡೂ ಒಂದೇ ಆವರಣದಲ್ಲಿ ನಡೆದವು.

4. ಮನೆಯ ಮಕ್ಕಳು

ಗುಂಡರ್ಟ್ ದಂಪತಿಗಳ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದರು. 1840ರ ದಶಕದ ನಡುವೆ ಯುರೋಪಿಗೆ ಹೋಗಿದ್ದ ತಂದೆ ತಾಯಿ ಭಾರತಕ್ಕೆ ಮರಳುವಾಗ ಆ ಎಳೆಯ ಮಗುವನ್ನು ಅಲ್ಲಿಯೇ ಬಿಟ್ಟು ಬಂದರು. ಮರೀಯ ಬಾಲ್ಯ ಪರರ ಆಶ್ರಯದಲ್ಲಿ, ಕೊರ್ನ್‌ತಾಲ್‌ನ ಶಾಲೆಯಲ್ಲಿ ಕಳೆಯಿತು. 1857ರಲ್ಲಿ, ಹದಿನೈದರ ಪ್ರಾಯದಲ್ಲಿ, ಅವರು ಮತ್ತೆ ತಂದೆ ತಾಯಿಯನ್ನು ಕೂಡಿಕೊಂಡರು. ಸುಮಾರು ಹತ್ತು ವರ್ಷ ತಾಯಿ ಮಲಬಾರಿನಲ್ಲಿ ಪರರ ಹೆಣ್ಣುಮಕ್ಕಳಿಗೆ ತಾಯಿಯಾಗಿದ್ದರು. ಮಗಳು ಯುರೋಪಿನಲ್ಲಿ ಪರರ ಮನೆಯ ಮಗುವಾಗಿದ್ದಳು.

ಇದು ಒಂದು ಕುಟುಂಬದ ಆಕಸ್ಮಿಕವಲ್ಲ, ಬಾಸೆಲ್ ಮಿಶನ್ನಿನ ವ್ಯವಸ್ಥೆ. ವಿವಾಹಕ್ಕೆ ಸಮಿತಿಯ ಅನುಮತಿ ಬೇಕಿತ್ತು. ಅನೇಕ ವಧುಗಳು ಕಾಣದ ವರನಿಗಾಗಿ ಹಡಗು ಹತ್ತಿದರು. ಮಕ್ಕಳು ಆರೇಳು ವರ್ಷವಾಗುವ ಹೊತ್ತಿಗೆ ಯುರೋಪಿಗೆ ಹೋಗಬೇಕಿತ್ತು. 1850ರ ದಶಕದಲ್ಲಿ, ಇನ್‌ಸ್ಪೆಕ್ಟರ್ ಯೋಸೆನ್ಹಾನ್ಸರ ಕಾಲದಲ್ಲಿ, ಇಂಥ ಮಕ್ಕಳಿಗಾಗಿ ಬಾಸೆಲ್‌ನಲ್ಲಿ ಪ್ರತ್ಯೇಕ ಮಕ್ಕಳ ಮನೆಗಳು ಆರಂಭವಾದವು. ಉಷ್ಣವಲಯದ ರೋಗಭಯ, ವಿದ್ಯಾಭ್ಯಾಸದ ಚಿಂತೆ ಇದಕ್ಕೆ ಕಾರಣಗಳಾಗಿದ್ದವು. ಸ್ಥಳೀಯ ಆಯಾಗಳ ಮಡಿಲಲ್ಲಿ, ಸ್ಥಳೀಯ ಭಾಷೆಯಲ್ಲಿ, ಸ್ಥಳೀಯ ಕಥೆಗಳ ನಡುವೆ ಬೆಳೆದ ಮಗು ‘ನಮ್ಮದಾಗಿ’ ಉಳಿಯದೆಂಬ ಭಯವೂ ಅಷ್ಟೇ ಬಲವಾಗಿತ್ತು. ಜಾನಪದದ ದೃಷ್ಟಿಯಿಂದ ಈ ಕೊನೆಯ ಕಾರಣ ಮುಖ್ಯವಾದುದು. ಆಯಾಳ ಲಾಲಿಹಾಡಿಗೆ ಸಂಸ್ಕೃತಿಯನ್ನು ದಾಟಿಸುವ ಶಕ್ತಿಯಿದೆ ಎಂಬುದನ್ನು ಮಿಶನ್ ತನ್ನದೇ ರೀತಿಯಲ್ಲಿ ಒಪ್ಪಿಕೊಂಡಿತ್ತು. ಅದೇ ಅರಿವಿನಿಂದ ಅನಾಥಾಲಯದ ಮಕ್ಕಳನ್ನು ಅವರ ಮೌಖಿಕ ಪರಂಪರೆಯಿಂದ ದೂರವಿರಿಸಿತು.

ಮರೀ 1865ರಲ್ಲಿ ಮಿಶನರಿ ಚಾರ್ಲ್ಸ್ ಈಸನ್‌ಬರ್ಗರನ್ನು ವರಿಸಿ 1870ರಲ್ಲಿ ವಿಧವೆಯಾದರು. 1874ರಲ್ಲಿ, ಬಾಸೆಲ್ ಮಿಶನ್ನಿನ ಸೇವೆಗೆ ಭಾರತಕ್ಕೆ ಬಂದು ಅನಾರೋಗ್ಯದಿಂದ ಮರಳಿದ್ದ ಯೋಹಾನೆಸ್ ಹೆಸ್ಸೆಯವರನ್ನು ಮದುವೆಯಾದರು. ಇವರ ಮಗನೇ ಕಾದಂಬರಿಕಾರ ಹೆರ್ಮನ್ ಹೆಸ್ಸೆ (1877–1962). ಈ ಬಾಲಕನನ್ನು ಕೂಡ 1884ರಲ್ಲಿ ಸ್ವಲ್ಪ ಕಾಲ ಬಾಸೆಲ್ ಮಿಶನ್ನಿನ ಹುಡುಗರ ಮನೆಯಲ್ಲಿ ಇರಿಸಲಾಗಿತ್ತು. ತಂದೆ ತಾಯಿ ಅದೇ ಊರಿನಲ್ಲಿದ್ದರು. ಹೀಗೆ ಮೂರು ತಲೆಮಾರುಗಳಲ್ಲಿ ಈ ಕುಟುಂಬವು ‘ಸಂಸ್ಥೆಯಾದ ಮನೆ’ಯನ್ನು ಪರರಿಗಾಗಿಯೂ ತನ್ನವರಿಗಾಗಿಯೂ ಬಳಸಿತು. ಮರೀಯ ಪತ್ರ ಮತ್ತು ದಿನಚರಿಗಳನ್ನು ಮಗಳು ಆಡೆಲೆ 1934ರಲ್ಲಿ ಪ್ರಕಟಿಸಿದರು. ಬಿಡುಗಡೆಯ ಕಥನವಾಗಿಯೂ ಅಗಲಿಕೆಯ ಕಥನವಾಗಿಯೂ ಅದನ್ನು ಓದಲು ಸಾಧ್ಯವಿದೆ. ಮಿಶನರಿ ಜೀವನಚರಿತ್ರೆಗಳು ಅಗಲಿಕೆಯನ್ನು ತ್ಯಾಗವೆಂದು ಹೆಸರಿಸಿ ಮುಂದೆ ಸಾಗುತ್ತವೆ. ತ್ಯಾಗ ಮಾಡಿದವರು ತಂದೆ ತಾಯಿ ಎಂದಾದರೆ ತೆತ್ತವರು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

5. ಪಾಡ್ದನದ ತಬ್ಬಲಿ

ಬಾಸೆಲ್ ಮಿಶನರಿಗಳು ಅನಾಥಾಲಯಗಳನ್ನು ನಡೆಸಿದ ಪ್ರದೇಶದಲ್ಲಿಯೇ ತಬ್ಬಲಿಯನ್ನು ಕುರಿತ ಮಹತ್ವದ ಮೌಖಿಕ ಕಥನವೊಂದು ಜೀವಂತವಾಗಿತ್ತು. ಕೋಟಿ ಚೆನ್ನಯರ ಪಾಡ್ದನವನ್ನು ಇಲ್ಲಿ ನೆನೆಯಬೇಕು. ಪಾಠಭೇದಗಳು ಹಲವಿದ್ದರೂ ಪ್ರಚಲಿತ ಕಥನದಲ್ಲಿ ದೇಯಿ ಬೈದೆತಿಯು ಮದುವೆಗೆ ಮುನ್ನ ಮೈನೆರೆದಳೆಂಬ ಕಾರಣಕ್ಕೆ ಕಣ್ಣುಕಟ್ಟಿ ಕಾಡಿನಲ್ಲಿ ಬಿಡಲ್ಪಟ್ಟವಳು. ಶೇಂದಿ ತೆಗೆಯುವ ಸಾಯನ ಬೈದ್ಯ ಅವಳನ್ನು ತಂಗಿಯಾಗಿ ಮನೆಗೆ ಕರೆತರುತ್ತಾನೆ. ಅವಳಿ ಮಕ್ಕಳನ್ನು ಹೆತ್ತು ಅವಳು ಸತ್ತಾಗ ಮಕ್ಕಳನ್ನು ಸಲಹುವವನೂ ಅವನೇ. ತಬ್ಬಲಿತನಕ್ಕೆ ಇಲ್ಲಿ ದೊರೆಯುವ ಪರಿಹಾರ ಬಂಧುತ್ವದ ಹೊಸ ಹೆಸರು: ತಂಗಿ, ಮಾವ, ಅಳಿಯಂದಿರು. ‘ಗೋವಿನ ಹಾಡಿ’ನಲ್ಲಿಯೂ ಪುಣ್ಯಕೋಟಿ ಕರುವನ್ನು ಒಪ್ಪಿಸಿ ಹೋಗುವುದು ದೊಡ್ಡಿಯ ಉಳಿದ ಹಸುಗಳಿಗೆ, ಅಕ್ಕತಂಗಿಯರೆಂದು ಕರೆದು.

ಬಾಸೆಲ್ ಮಿಶನ್ನಿನ ಮೆನ್ನರ್ ಅವರು 1886ರಲ್ಲಿ ತುಳು ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಅದೇ ವರ್ಷ ಅವರ ತುಳು–ಇಂಗ್ಲಿಷ್ ನಿಘಂಟೂ ಹೊರಬಂತು. ಬರ್ನೆಲ್ ಅವರು ಮೆನ್ನರರ ನೆರವಿನಿಂದ ಕಲೆಹಾಕಿದ ಸಾಮಗ್ರಿ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ‘ತುಳುವರ ಭೂತಾರಾಧನೆ’ ಎಂಬರ್ಥದ ಶೀರ್ಷಿಕೆಯಲ್ಲಿ ಬಂದಿತು. ಕೋಟಿ ಚೆನ್ನಯರ ಕಥನವೂ ಅದರಲ್ಲಿದೆ. ಅಲ್ಲಿ ‘ಭೂತ’ಕ್ಕೆ ಬಳಕೆಯಾದ ಇಂಗ್ಲಿಷ್ ಪದ ಸೈತಾನನನ್ನು ಸೂಚಿಸುವಂಥದು. ಮೂಲ್ಕಿಯಲ್ಲಿ ಹೆಣ್ಣುಮಕ್ಕಳ ಅನಾಥಾಲಯವನ್ನು ನಡೆಸಿದ ಮಿಶನ್, ತಬ್ಬಲಿಯನ್ನು ನಾಡಿನ ಜನ ಹೇಗೆ ಕಲ್ಪಿಸಿಕೊಂಡಿದ್ದರೆಂಬ ಪಠ್ಯವನ್ನು ಕೈಯಲ್ಲಿ ಹಿಡಿದಿತ್ತು. ಆದರೆ ಅದನ್ನು ದೈವಾರಾಧನೆಯ ಕಪಾಟಿನಲ್ಲಿರಿಸಿತು. ಸಂಗ್ರಹ ಮತ್ತು ಸಲಹುವಿಕೆ ಒಂದೇ ಸಂಸ್ಥೆಯಲ್ಲಿ ನಡೆದರೂ ಒಂದು ಇನ್ನೊಂದಕ್ಕೆ ಏನನ್ನೂ ಕಲಿಸಲಿಲ್ಲ ಎಂಬುದು ನನ್ನ ಮುಖ್ಯ ಆಕ್ಷೇಪ.

6. ಒಂದು ಎಚ್ಚರಿಕೆ

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವು ಜನಪದವನ್ನು ಆದರ್ಶೀಕರಿಸುವ ಹಳೆಯ ತಪ್ಪಿಗೆ ಬೀಳುತ್ತೇವೆ. ದೇಯಿಯನ್ನು ಸಾಯನ ಉಳಿಸಿದ ಎಂಬುದು ನಿಜ; ಅವಳನ್ನು ಕಾಡಿಗಟ್ಟಿದ್ದು ಕೂಡ ಇದೇ ಸಮಾಜದ ಆಚಾರ. ಪಾಡ್ದನ ಎರಡನ್ನೂ ಮುಚ್ಚಿಡದೆ ಹೇಳುತ್ತದೆ. ಬಂಧುತ್ವದ ವೃತ್ತ ಎಷ್ಟೇ ಅಗಲವಾಗಿದ್ದರೂ ಜಾತಿಯ ಗಡಿಯಲ್ಲಿ ನಿಲ್ಲುತ್ತಿತ್ತು. ಗುಲಾಮಗಿರಿಯಲ್ಲಿದ್ದ ತಾಯಿಯ ಮಗಳಿಗೆ ಅಕ್ಷರ ಕಲಿಸುವ ಮನೆ ಆ ಕಾಲದ ಕರಾವಳಿಯಲ್ಲಿ ಬೇರೆ ಎಷ್ಟಿದ್ದವು ಎಂದು ಕೇಳದೆ ಇಲ್ಲಿಕುನ್ನಿನ ಶಾಲೆಯನ್ನು ತೂಗಲಾಗದು.

ನನ್ನ ಕ್ಷೇತ್ರಕಾರ್ಯದ ಒಂದು ಅನುಭವ ಈ ಎಚ್ಚರಿಕೆಯನ್ನು ಗಟ್ಟಿಗೊಳಿಸಿತು. ಕರಾವಳಿಯ ಪ್ರಾಟೆಸ್ಟಂಟ್ ಕುಟುಂಬವೊಂದರಲ್ಲಿ ವಂಶಾವಳಿಯನ್ನು ಕೇಳುತ್ತಿದ್ದೆ. ಅದು ಅಜ್ಜಿಯ ತಾಯಿಯ ಬಳಿ ಕಡಿದು ಹೋಗಿತ್ತು. ಆಕೆ ಮಿಶನ್ನಿನ ಅನಾಥಾಲಯದಲ್ಲಿ ಬೆಳೆದವಳು. ಆ ಹಿಂದಿನದನ್ನು ತಿಳಿದವರಿಲ್ಲ. ಕಳೆದುಹೋದ ಪರಂಪರೆಯ ದುಃಖವನ್ನು ನಾನು ನಿರೀಕ್ಷಿಸಿದ್ದೆ. ಮನೆಯ ಹಿರಿಯ ಹೆಂಗಸು ಹೇಳಿದ್ದು ಬೇರೆ. ತನ್ನ ಮುತ್ತಜ್ಜಿ ಆ ಅನಾಥಾಲಯವನ್ನು ಕೊನೆಯವರೆಗೂ ‘ಅಪ್ಪೆ ಇಲ್ಲ್’, ಅಂದರೆ ತಾಯಿಮನೆ, ಎಂದೇ ಕರೆಯುತ್ತಿದ್ದಳಂತೆ. ಹೆರಿಗೆಗೂ ಅಲ್ಲಿಗೇ ಹೋಗಿ ಬಂದಿದ್ದಳಂತೆ. ನನ್ನ ಅರ್ಧ ಸಿದ್ಧವಾಗಿದ್ದ ತೀರ್ಮಾನವನ್ನು ಅಲ್ಲಿಯೇ ಬಿಡಬೇಕಾಯಿತು. ಮಿಶನ್ ಅವಳಿಂದ ಪಾಡ್ದನವನ್ನು ದೂರವಿರಿಸಿರಬಹುದು. ಆದರೆ ಪಾಡ್ದನ ಮಾಡುತ್ತಿದ್ದ ಕೆಲಸವನ್ನೇ ಅವಳು ಮಾಡಿದ್ದಳು: ಆಶ್ರಯಕ್ಕೆ ಬಂಧುತ್ವದ ಹೆಸರನ್ನಿಟ್ಟಿದ್ದಳು. ಸಂಸ್ಥೆ ಅವಳನ್ನು ಅನಾಥೆ ಎಂದು ದಾಖಲಿಸಿತು. ಅವಳು ಸಂಸ್ಥೆಯನ್ನು ತವರೆಂದು ದಾಖಲಿಸಿದಳು.

7. ಸಮಾರೋಪ

1914ರಲ್ಲಿ ಯುದ್ಧ ಆರಂಭವಾದ ಬಳಿಕ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಮಿಶನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಕೈಬದಲಾದುದನ್ನು ಆರ್ಥಿಕ ಇತಿಹಾಸಕಾರರು ಬರೆದಿದ್ದಾರೆ. ಮಕ್ಕಳ ಮನೆಗಳಲ್ಲಿ ಎರಡನೆಯ ಬಾರಿ ಪೋಷಕರನ್ನು ಕಳೆದುಕೊಂಡವರ ಅನುಭವವನ್ನು ದಾಖಲಿಸುವ ಕೆಲಸ ಅಷ್ಟು ಗಂಭೀರವಾಗಿ ನಡೆದಿಲ್ಲ. ಬಾಸೆಲ್‌ನಲ್ಲಿರುವ ಮಿಶನ್ ದಾಖಲಾಗಾರ ಅನಾಥಾಲಯಗಳನ್ನು ಕುರಿತು ಹೇಳುವುದು ಮೇಲಿನಿಂದ ನೋಡಿದ ಸಂಗತಿಗಳನ್ನು. ಒಳಗಿನಿಂದ ನೋಡಿದ್ದು ಮಂಗಳೂರು, ಮೂಲ್ಕಿ, ಉಡುಪಿ, ಧಾರವಾಡ, ತಲಶ್ಶೇರಿಗಳ ಮನೆಗಳಲ್ಲಿ ಮಾತಾಗಿ ಉಳಿದಿದೆ. ಅದನ್ನು ಕೇಳಿ ತಿಳಿದ ಕೊನೆಯ ತಲೆಮಾರು ಈಗ ಮುಪ್ಪಿನಲ್ಲಿದೆ.

ಗುಂಡರ್ಟ್ ಕುಟುಂಬದ ಕಥನವನ್ನು ಇಲ್ಲಿ ಓದಿದ್ದು ಯಾರನ್ನೂ ತಪ್ಪಿತಸ್ಥರೆಂದು ತೀರ್ಪು ಕೊಡಲಿಕ್ಕಲ್ಲ. ಇಲ್ಲಿಕುನ್ನಿನ ವಸತಿಶಾಲೆಯ ಹುಡುಗಿ ಮತ್ತು ಕೊರ್ನ್‌ತಾಲ್ ಶಾಲೆಯ ಮರೀ ಒಂದೇ ವ್ಯವಸ್ಥೆಯ ಎರಡು ತುದಿಗಳಲ್ಲಿದ್ದರು. ಒಬ್ಬಳ ಪತ್ರಗಳು ಅಚ್ಚಾದವು. ಇನ್ನೊಬ್ಬಳು ವರದಿಯ ಸಂಖ್ಯೆಯೊಳಗೆ ಸೇರಿಹೋದಳು. ಆ ಸಂಖ್ಯೆಯೊಳಗಿನವರ ಮಾತನ್ನು ಅವರ ಮೊಮ್ಮಕ್ಕಳ ಬಾಯಿಂದ ಕೇಳಿಸಿಕೊಳ್ಳುವ ಹೊಣೆ ಜಾನಪದ ಅಧ್ಯಯನದ್ದು. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಇದನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕಾಗಿದೆ.